ಮೈಸೂರು ಅರಸರ ದುಡ್ಡಿನಲ್ಲಿ ಆದ ಲಂಡನ್ ರೆಕಾರ್ಡುಗಳು: ಯಾವುದನ್ನು ಕೊಳ್ಳಬೇಕು, ಹೇಗೆ ಕೇಳಬೇಕು

ಜಯಚಾಮರಾಜ ಒಡೆಯರ್ ಎಂದರೆ ಬೆಂಗಳೂರಿನ ಸಂಗೀತರಸಿಕರಿಗೆ ಥಟ್ಟನೆ ನೆನಪಾಗುವುದು ‘ಶ್ರೀವಿದ್ಯಾ’ ಅಂಕಿತದ 94 ಕೃತಿಗಳು. ರಾಮೋತ್ಸವದ ಕಛೇರಿಗಳಲ್ಲಿ ಅವು ಈಗಲೂ ಕೇಳಿಬರುತ್ತವೆ. ಆದರೆ ಅವರಿಂದಾಗಿ ಉಳಿದ ಇನ್ನೊಂದು ಸಂಗೀತವೂ ಇದೆ. ಲಂಡನ್ನಿನಲ್ಲಿ ಕಷ್ಟದಲ್ಲಿ ದಿನ ನೂಕುತ್ತಿದ್ದ ರಷ್ಯದ ರಚನಕಾರ, ಪಿಯಾನೊ ವಾದಕ ನಿಕೊಲಾಯ್ ಮೆಟ್ನರ್ ತಮ್ಮ ರಚನೆಗಳನ್ನು ತಾವೇ ನುಡಿಸಿ ರೆಕಾರ್ಡ್ ಮಾಡಲು ಹಣ ಕೊಟ್ಟವರು ಅವರು. ಜರ್ಮನ್ ರಚನಕಾರ ರಿಚರ್ಡ್ ಸ್ಟ್ರಾಸ್ ಬರೆದ ‘ನಾಲ್ಕು ಕೊನೆಯ ಹಾಡುಗಳು’ 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಸಲ ವೇದಿಕೆ ಏರಿದಾಗ 4,800 ಡಾಲರ್ ಖಾತರಿ ನೀಡಿದವರೂ ಅವರೇ. ಎರಡೂ ಈಗ ಡಿಜಿಟಲ್ ರೂಪದಲ್ಲಿ ಬಂದಿವೆ. ಪೋಷಕರು ಒಬ್ಬರೇ, ವಾದ್ಯವೃಂದವೂ ಒಂದೇ (ಲಂಡನ್ನಿನ ಫಿಲ್‌ಹಾರ್ಮೊನಿಯಾ), ನಡುವಿನ ಅಂತರ ಮೂರು ವರ್ಷ. ಕಿವಿಗೆ ಬೀಳುವುದು ಮಾತ್ರ ಅಜಗಜಾಂತರ. ಮೆಟ್ನರ್ ಕಾನ್ಸರ್ಟೊಗಳನ್ನು (ವಾದ್ಯವೃಂದದ ಜೊತೆ ಪಿಯಾನೊ ನುಡಿಸುವ ದೊಡ್ಡ ಕೃತಿಗಳು) ಕಣ್ಣು ಮುಚ್ಚಿಕೊಂಡು ಕೊಳ್ಳಿ. ಸ್ಟ್ರಾಸ್ ರೆಕಾರ್ಡನ್ನು ಕೊಳ್ಳುವ ಮುಂಚೆ ಅದು ಏನು, ಏನಲ್ಲ ಎಂದು ತಿಳಿದುಕೊಂಡಿರಬೇಕು.

ಮೊದಲು ಮೆಟ್ನರ್. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಇವರು ರಷ್ಯದ ಹೆಸರಾಂತ ರಚನಕಾರ ರಖ್ಮನಿನಫ್ ಅವರ ಆಪ್ತ ಸ್ನೇಹಿತರು. ರಖ್ಮನಿನಫ್ ತಮ್ಮ ನಾಲ್ಕನೇ ಪಿಯಾನೊ ಕಾನ್ಸರ್ಟೊವನ್ನು ಇವರಿಗೆ ಅರ್ಪಿಸಿದರು, ಇವರು ತಮ್ಮ ಎರಡನೆಯದನ್ನು ಅವರಿಗೆ ಅರ್ಪಿಸಿದರು. 1921ರಲ್ಲಿ ರಷ್ಯ ಬಿಟ್ಟು, ಕೊನೆಗೆ ಲಂಡನ್ನಿನಲ್ಲಿ ನೆಲೆ ನಿಂತರು. ಯುದ್ಧ ಶುರುವಾದ ಮೇಲೆ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಆದಾಯ ನಿಂತುಹೋಯಿತು, 1942ರಲ್ಲಿ ಹೃದಯಾಘಾತವೂ ಆಯಿತು. ಇಂಥ ಹೊತ್ತಿನಲ್ಲಿ ಮೈಸೂರಿನಿಂದ ಸಹಾಯ ಬಂತು. ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ಹುಟ್ಟಿತು, ಹೆಚ್‌ಎಂವಿ ಆಲ್ಬಮ್‌ಗಳು ಹೊರಬಂದವು. 1947ರಲ್ಲಿ ಮೂರೂ ಕಾನ್ಸರ್ಟೊಗಳು ಫಿಲ್‌ಹಾರ್ಮೊನಿಯಾ ವಾದ್ಯವೃಂದದೊಂದಿಗೆ ರೆಕಾರ್ಡ್ ಆದವು. ಮೊದಲನೆಯದಕ್ಕೆ ನಿರ್ದೇಶಕರು ಜಾರ್ಜ್ ವೆಲ್ಡನ್, ಎರಡು ಮತ್ತು ಮೂರಕ್ಕೆ ಇಸ್ಸಾಯ್ ಡೊಬ್ರೊವೆನ್. ಮೂರನೇ ಕಾನ್ಸರ್ಟೊದ ಅರ್ಪಣೆ ಮೈಸೂರು ಮಹಾರಾಜರಿಗೆ.

ಈ ‘ಸೊಸೈಟಿ’ ಪದ್ಧತಿ ಹೇಗಿತ್ತು ಎಂದು ತಿಳಿದರೆ ಅರಸರು ಮಾಡಿದ್ದು ಎಷ್ಟು ದೊಡ್ಡದು ಎಂದು ಗೊತ್ತಾಗುತ್ತದೆ. ಹೆಚ್‌ಎಂವಿಯ ವಾಲ್ಟರ್ ಲೆಗ್ 1930ರ ದಶಕದ ಆರಂಭದಲ್ಲಿ ಇದನ್ನು ಚಾಲ್ತಿಗೆ ತಂದರು. ಮಾರಾಟವಾಗುವ ಭರವಸೆ ಇಲ್ಲದ ಸಂಗೀತಕ್ಕೆ ಮೊದಲೇ ಚಂದಾದಾರರನ್ನು ಕೂಡಿಸುವುದು, ಹ್ಯೂಗೊ ವುಲ್ಫ್ ಹಾಡುಗಳ ಸೊಸೈಟಿಯಲ್ಲಿ ಮಾಡಿದಂತೆ 500 ಜನ ಹಣ ಕಟ್ಟಿದ ಮೇಲೆ ಸ್ಟುಡಿಯೋ ಬಾಗಿಲು ತೆರೆಯುವುದು. ಮೆಟ್ನರ್ ಹೆಸರಿಗೆ ಅಷ್ಟು ಜನ ಸೇರುವ ಲಕ್ಷಣ ಇರಲಿಲ್ಲ. ಅಷ್ಟೂ ಚಂದಾದಾರರ ಜಾಗದಲ್ಲಿ ಮೈಸೂರಿನ ಒಬ್ಬರೇ ನಿಂತರು. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಕೊಟ್ಟದ್ದು ಬರೀ ಶ್ರೀಮಂತಿಕೆಯ ಖಯಾಲಿಯಿಂದಲೂ ಅಲ್ಲ. ಸ್ವತಃ ಪಿಯಾನೊ ಕಲಿತು 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪಡೆದವರು, ಅದೇ ವರ್ಷ ಟ್ರಿನಿಟಿ ಕಾಲೇಜಿನ ಗೌರವ ಫೆಲೋ ಆದವರು. ಯಾರಿಗೆ ಕೊಡುತ್ತಿದ್ದೇನೆ, ಏಕೆ ಕೊಡುತ್ತಿದ್ದೇನೆ ಎಂಬುದು ಅವರಿಗೆ ಗೊತ್ತಿತ್ತು.

ಟೆಸ್ಟಮೆಂಟ್ ಎಂಬ ಬ್ರಿಟಿಷ್ ಸಂಸ್ಥೆ ತಂದಿರುವ ಎರಡು–ಮೂರನೇ ಕಾನ್ಸರ್ಟೊಗಳ ಸಿಡಿ ಈ ಇಡೀ ಸರಣಿಯ ತಿರುಳು. 67ರ ಮುದುಕ, ಹೃದ್ರೋಗಿ, ನುಡಿಸುತ್ತಿರುವುದು ಕೈಗೆ ಸುಲಭವಲ್ಲದ ಸಂಗೀತ. ಆದರೂ ಲಯ ಎಲ್ಲೂ ಸಡಿಲವಾಗುವುದಿಲ್ಲ. ಎರಡನೇ ಕಾನ್ಸರ್ಟೊದ ಮೊದಲ ಭಾಗದ ಹೆಸರು ಟೊಕಾಟ. ಅದರ ಓಟದ ನಡುವೆ ಎಡಗೈಯ ಮಧ್ಯಸ್ಥಾಯಿಯಲ್ಲಿ ಒಂದು ಎಳೆ ಸುಮ್ಮನೆ ಸಾಗುತ್ತಿರುತ್ತದೆ, ಅದರ ಕಡೆ ಕಿವಿ ಕೊಡಿ. ಇಂದಿನ ಅನೇಕ ಪಿಯಾನೊ ವಾದಕರು ಮೇಲಿನ ಸ್ವರಗಳನ್ನು ಹೊಳಪಿಸಿ ಅದನ್ನು ಮುಚ್ಚಿಬಿಡುತ್ತಾರೆ. ಮೆಟ್ನರ್ ಕೈಯಲ್ಲಿ ಅದು ಬೇರೆಯೇ ಒಂದು ದನಿಯಾಗಿ ನಿಲ್ಲುತ್ತದೆ. ಪೆಡಲ್ ಬಳಕೆ ಮಿತ, ಭಾವಾತಿರೇಕ ಇಲ್ಲ. ನಡುವಿನ ರೊಮಾಂಜಾ ಭಾಗದಲ್ಲೂ ಅವರು ರಾಗ ಎಳೆಯುವುದಿಲ್ಲ, ಮಾತನಾಡಿದಂತೆ ನುಡಿಸುತ್ತಾರೆ.

ಮೂರನೆಯದು, ನಮ್ಮ ಅರಸರಿಗೆ ಅರ್ಪಿತವಾದದ್ದು, ಮೊದಲ ಸಲ ಕೇಳುವವರನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ಇದಕ್ಕೆ ‘ಬ್ಯಾಲಡ್’ ಎಂಬ ಹೆಸರಿದೆ. ಲೆರ್ಮಂತಫ್ ಬರೆದ ಜಲಕನ್ಯೆಯ ಕವಿತೆ ಇದರ ಹಿನ್ನೆಲೆ. ಮೂರು ಭಾಗಗಳಿದ್ದರೂ ನಡುವೆ ವಿರಾಮ ಇಲ್ಲ. ಎರಡನೆಯ ಭಾಗವಾದ ಇಂಟರ್‌ಲ್ಯೂಡಿಯಂ ಚಿಕ್ಕದು, ಅದು ಯಾವಾಗ ಬಂತು, ಯಾವಾಗ ಹೋಯಿತು ಎಂದು ತಿಳಿಯುವಷ್ಟರಲ್ಲಿ ಕೊನೆಯ ಭಾಗ ಶುರುವಾಗಿರುತ್ತದೆ. ಇಲ್ಲಿ ಹಾಡಿಕೊಳ್ಳುವಂಥ ದೊಡ್ಡ ಧಾಟಿಗೆ ಕಾಯಬೇಡಿ, ರಖ್ಮನಿನಫ್ ಕೊಡುವಂಥದ್ದು ಇವರಲ್ಲಿ ಸಿಗುವುದಿಲ್ಲ. ಆರಂಭದ ಪುಟ್ಟ ಸ್ವರಗುಚ್ಛವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮುಂದಿನ ಅರ್ಧ ಗಂಟೆಯ ಹೆಚ್ಚಿನ ಭಾಗ ಅದರದೇ ಬೆಳವಣಿಗೆ. ಒಂದು ಪಲ್ಲವಿ ಸಾಲನ್ನು ಹಿಡಿದು ವಿದ್ವಾಂಸರು ಗಂಟೆಗಟ್ಟಲೆ ವಿಸ್ತರಿಸುವುದನ್ನು ಕೇಳಿ ಬೆಳೆದ ಕಿವಿಗೆ ಈ ಬಗೆಯ ಕಟ್ಟಾಣಿಕೆ ಹೊಸದೇನಲ್ಲ.

ಇನ್ನು ಧ್ವನಿಯ ಗುಣ. ಇವು ನಿಮಿಷಕ್ಕೆ 78 ಸುತ್ತು ತಿರುಗುವ, 12 ಇಂಚಿನ ಅರಗಿನ ತಟ್ಟೆಗಳು. ಒಂದು ಮಗ್ಗುಲಿಗೆ ನಾಲ್ಕು, ನಾಲ್ಕೂವರೆ ನಿಮಿಷ. ಅಂದರೆ ಒಂದು ಕಾನ್ಸರ್ಟೊ ಎಂಟು–ಒಂಬತ್ತು ಮಗ್ಗುಲುಗಳಿಗೆ ಹಂಚಿಹೋಗಿರುತ್ತದೆ. ತಟ್ಟೆಯಿಂದ ಡಿಜಿಟಲ್‌ಗೆ ಮಾಡಿದ ಒಳ್ಳೆಯ ವರ್ಗಾವಣೆಯಲ್ಲಿ ಈ ಜೋಡಣೆಗಳು ಗೊತ್ತಾಗಬಾರದು. ಗೊತ್ತಾಗುವುದು ಎರಡು ಕಾರಣಕ್ಕೆ. ಒಂದು, ಹಿನ್ನೆಲೆಯ ಸರಸರ ಸದ್ದು ಒಮ್ಮೆಲೇ ಬದಲಾಗುವುದು. ಇನ್ನೊಂದು, ಮಗ್ಗುಲಿನ ಕೊನೆಯ ಹೊತ್ತಿಗೆ ಧ್ವನಿ ಮಂಕಾಗಿದ್ದು ಮುಂದಿನ ಮಗ್ಗುಲು ಹೊಳಪಿನಿಂದ ಶುರುವಾಗುವುದು. ತಟ್ಟೆಯ ಹೊರ ಅಂಚಿನಲ್ಲಿ ಗೀರು (ಧ್ವನಿ ಕೊರೆದಿರುವ ಸಣ್ಣ ಕಾಲುವೆ) ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 1.2 ಮೀಟರ್ ವೇಗದಲ್ಲಿ ಹರಿಯುತ್ತದೆ, ಒಳ ಅಂಚಿಗೆ ಬರುವಾಗ ಅರ್ಧ ಮೀಟರಿಗೂ ಕಡಿಮೆ. ಅದೇ ಸ್ವರ ಅಷ್ಟು ಕಡಿಮೆ ಜಾಗದಲ್ಲಿ ತುರುಕಿಕೊಳ್ಳಬೇಕಾದಾಗ ಮೇಲಿನ ಆವರ್ತನಗಳು ನವೆಯುತ್ತವೆ, ಪಿಯಾನೊದ ಜೋರು ಹೊಡೆತಗಳು ಒಡೆಯುತ್ತವೆ.

ಮತ್ತೊಂದು ದೋಷ ಪಿಯಾನೊ ರೆಕಾರ್ಡುಗಳಲ್ಲಿ ಮಾತ್ರ ಎದ್ದು ಕಾಣುವಂಥದ್ದು. ತಟ್ಟೆಯ ತೂತು ಕೂದಲೆಳೆಯಷ್ಟು ನಡು ತಪ್ಪಿದ್ದರೂ ಸ್ವರ ಸೆಕೆಂಡಿಗೆ 1.3 ಸಲ ಏರಿಳಿಯುತ್ತದೆ (78ನ್ನು 60ರಿಂದ ಭಾಗಿಸಿದರೆ ಬರುವ ಲೆಕ್ಕ). ಗಾಯಕರ ಕಂಠದಲ್ಲಿ, ಪಿಟೀಲಿನಲ್ಲಿ ಇದು ಕಂಪನದೊಳಗೆ ಅಡಗಿಬಿಡುತ್ತದೆ. ಪಿಯಾನೊದ ಸ್ವರಕ್ಕೆ ಕಂಪನವಿಲ್ಲ, ಉದ್ದಕ್ಕೆ ನಿಂತ ಒಂದು ಸ್ವರಮೇಳ ಅಲೆಯಂತೆ ಓಲಾಡಿದರೆ ಕೂಡಲೇ ಗೊತ್ತಾಗುತ್ತದೆ. ಅಂತರ್ಜಾಲದಲ್ಲಿ ಸಿಗುವ ಅನಾಮಧೇಯ ಅಪ್‌ಲೋಡುಗಳನ್ನು ಪರೀಕ್ಷಿಸಲು ಇದಕ್ಕಿಂತ ಸುಲಭದ ಉಪಾಯವಿಲ್ಲ: ನಿಧಾನಗತಿಯ ಭಾಗಕ್ಕೆ ಹೋಗಿ, ಹಿಡಿದಿಟ್ಟ ಒಂದು ಸ್ವರಮೇಳ ಕೇಳಿ. ಓಲಾಡಿದರೆ ಬಿಟ್ಟುಬಿಡಿ. ವೃತ್ತಿಪರರು ಮಾಡಿದ ವರ್ಗಾವಣೆಗೆ ಹಣ ಕೊಡುವುದು ಇಂಥ ಕಾರಣಗಳಿಗೇ.

ಪಿಯಾನೊ ಒಂಟಿಯಾಗಿ ಬೇಕೆನ್ನುವವರಿಗೆ ಎಪಿಆರ್ ಎಂಬ ರೆಕಾರ್ಡ್ ಸಂಸ್ಥೆ ಮೆಟ್ನರ್ ಅವರ ಏಕವಾದನಗಳನ್ನು ಪ್ರತ್ಯೇಕವಾಗಿ ತಂದಿದೆ. ಇದರಲ್ಲಿ ‘ಸ್ಕಾಸ್ಕಿ’, ಅಂದರೆ ಕಥೆಗಳು ಎಂಬ ಪುಟ್ಟ ರಚನೆಗಳಿವೆ. ಟ್ರಿನಿಟಿ ಪರೀಕ್ಷೆಗೆ ಕೂರುವ ಬೆಂಗಳೂರಿನ ಪಿಯಾನೊ ವಿದ್ಯಾರ್ಥಿಗಳಿಗೆ ಕಾನ್ಸರ್ಟೊಗಿಂತ ಇವೇ ಹೆಚ್ಚು ಉಪಯೋಗ. ಸ್ವರಲಿಪಿಯನ್ನು ಎದುರಿಗಿಟ್ಟುಕೊಂಡು ರಚನಕಾರರೇ ಎಲ್ಲಿ ಪೆಡಲ್ ಬಿಟ್ಟರು, ಎಲ್ಲಿ ಲಯ ತಗ್ಗಿಸಿದರು ಎಂದು ಗುರುತು ಹಾಕಿಕೊಳ್ಳಬಹುದು. ಮೆಟ್ನರ್ ತೀರಿಕೊಂಡದ್ದು 1951ರ ನವೆಂಬರಿನಲ್ಲಿ. ಭಾರತದ ಕಾನೂನಿನಲ್ಲಿ ಹಕ್ಕುಸ್ವಾಮ್ಯ ಮರಣಾನಂತರ 60 ವರ್ಷ, ಆದ್ದರಿಂದ 2012ರಿಂದ ಅವರ ಸ್ವರಲಿಪಿಗಳನ್ನು ಇಲ್ಲಿ ಯಾರು ಬೇಕಾದರೂ ಮುದ್ರಿಸಿಕೊಳ್ಳಬಹುದು. ಇತ್ತೀಚಿನ ಸಂಪಾದಕರ ಟಿಪ್ಪಣಿಗಳಿರುವ ಆವೃತ್ತಿಗಳಿಗೆ ಮಾತ್ರ ಇದು ಅನ್ವಯಿಸದು.

ಹೋಲಿಕೆಗೆ ಹೊಸ ರೆಕಾರ್ಡಿಂಗ್ ಬೇಕಿದ್ದರೆ ಹೈಪೀರಿಯನ್ ಸಂಸ್ಥೆಯ ಸಿಡಿಯಲ್ಲಿ ನಿಕೊಲಾಯ್ ಡೆಮಿಡೆಂಕೊ ನುಡಿಸಿರುವ ಎರಡು ಮತ್ತು ಮೂರನೇ ಕಾನ್ಸರ್ಟೊಗಳಿವೆ. ವಾದ್ಯವೃಂದದ ಸ್ಪಷ್ಟತೆಗೆ ಅದು, ಲಯದ ಖಚಿತತೆಗೆ ಮೆಟ್ನರ್. ಸೊನಾಟಾಗಳಿಗೆ ಮಾರ್ಕ್-ಆಂಡ್ರೆ ಹ್ಯಾಮ್ಲಿನ್ ಸಾಕು, ಬೇರೆ ಹುಡುಕಬೇಡಿ.

ಇನ್ನು ಸ್ಟ್ರಾಸ್. ಇಲ್ಲಿ ವಿಷಯವೇ ಬೇರೆ. 1948ರಲ್ಲಿ ಬರೆದ ಈ ಹಾಡುಗಳನ್ನು ಕೇಳಲು ರಚನಕಾರರು ಉಳಿದಿರಲಿಲ್ಲ, 1949ರ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದರು. ಹಾಡಿದವರು ಅವರೇ ಬಯಸಿದ್ದ ನಾರ್ವೆಯ ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್, ಆಗ 54 ವರ್ಷ. ನಿರ್ದೇಶನ ವಿಲ್ಹೆಲ್ಮ್ ಫುರ್ಟ್‌ವ್ಯಾಂಗ್ಲರ್. ಅದೇ ವರ್ಷ ಜನವರಿಯಲ್ಲಿ ರಾಜಪ್ರಮುಖರಾಗಿದ್ದ ಒಡೆಯರಿಗೆ ಲಂಡನ್ನಿಗೆ ಹೋಗಲಾಗಲಿಲ್ಲ. ಅದಕ್ಕೇ ಪ್ರದರ್ಶನವನ್ನು ರೆಕಾರ್ಡ್ ಮಾಡಿ ಮೈಸೂರಿಗೆ ಕಳಿಸುವ ಏರ್ಪಾಟು. ಆ ಹೊತ್ತಿಗೆ ಅವರ ಸಂಗ್ರಹದಲ್ಲಿ ಸುಮಾರು 20,000 ರೆಕಾರ್ಡುಗಳಿದ್ದವು ಎಂಬ ಅಂದಾಜಿದೆ.

ಮೆಟ್ನರ್ ರೆಕಾರ್ಡುಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ. ವ್ಯಾಪಾರಕ್ಕೆಂದು ಸ್ಟುಡಿಯೋದಲ್ಲಿ ಮಾಡಿದ ರೆಕಾರ್ಡಿಗೆ ಲೋಹದ ಅಚ್ಚು ತೆಗೆಯುತ್ತಾರೆ, ಅದರಿಂದ ನೂರಾರು ಪ್ರತಿಗಳು ಹುಟ್ಟುತ್ತವೆ. ಒಂದು ಸವೆದರೆ ಇನ್ನೊಂದು ಇರುತ್ತದೆ, ವರ್ಗಾವಣೆ ಮಾಡುವವರು ಹತ್ತು ಪ್ರತಿಗಳಲ್ಲಿ ಒಳ್ಳೆಯ ಮಗ್ಗುಲುಗಳನ್ನು ಆರಿಸಿಕೊಳ್ಳಬಹುದು. ಖಾಸಗಿಯಾಗಿ, ನೇರ ಪ್ರದರ್ಶನದಿಂದ ಹಿಡಿದದ್ದಕ್ಕೆ ಆ ಭದ್ರತೆ ಇಲ್ಲ. ಆಗ ಇಂಥ ಕೆಲಸಕ್ಕೆ ಬಳಕೆಯಲ್ಲಿದ್ದ ಮೆರುಗೆಣ್ಣೆಯ ತಟ್ಟೆ, ಅಂದರೆ ಅಲ್ಯುಮಿನಿಯಂ ಮೇಲೆ ನೈಟ್ರೊಸೆಲ್ಯುಲೋಸ್ ಲೇಪ, ಪ್ರತಿ ಸಲ ನುಡಿಸಿದಾಗಲೂ ಸವೆಯುತ್ತದೆ. ವರ್ಷಗಳು ಕಳೆದಂತೆ ಲೇಪದೊಳಗಿನ ಎಣ್ಣೆ ಹೊರಬಂದು ಬಿಳಿ ಪುಡಿಯಾಗಿ ಕೂರುತ್ತದೆ, ಲೇಪ ಕುಗ್ಗಿ ಬಿರುಕು ಬಿಡುತ್ತದೆ. ಈ ಸ್ಟ್ರಾಸ್ ರೆಕಾರ್ಡು ಮೊದಲ ಸಲ ಎಲ್‌ಪಿಗೆ ಏರುವ ಹೊತ್ತಿಗಾಗಲೇ ತೀರಾ ಹಾಳಾಗಿತ್ತು. ಆ ಎಲ್‌ಪಿ ಕೇಳಲು ಯೋಗ್ಯವಲ್ಲ ಎಂಬುದು ಬಹುಮತದ ಅಭಿಪ್ರಾಯ.

ಆಮೇಲೆ ಎರಡು ಗಂಭೀರ ಸಂಸ್ಕರಣೆಗಳಾದವು: 2007ರಲ್ಲಿ ಟೆಸ್ಟಮೆಂಟ್‌ಗಾಗಿ ರೋಜರ್ ಬಿಯರ್ಡ್ಸ್‌ಲಿ, 2014ರಲ್ಲಿ ಪ್ರಿಸ್ಟೀನ್ ಆಡಿಯೊಗಾಗಿ ಆಂಡ್ರ್ಯೂ ರೋಸ್. ಎಲ್‌ಪಿ ಜೊತೆ ಹೋಲಿಸಿದರೆ ಎರಡೂ ದೊಡ್ಡ ಹೆಜ್ಜೆಗಳೇ. ಆದರೂ ಎಷ್ಟು ತಂತ್ರಜ್ಞಾನ ಬಂದರೂ ಇಲ್ಲದ ಆವರ್ತನವನ್ನು ಹುಟ್ಟಿಸಲಾಗದು. ಫ್ಲಾಗ್‌ಸ್ಟಾಡ್ ದನಿ ಸಾಕಷ್ಟು ಉಳಿದಿದೆ, ಏಕೆಂದರೆ ಮನುಷ್ಯ ಕಂಠದ ಬಲವೆಲ್ಲ ಬಹುಪಾಲು 3,000 ಹರ್ಟ್ಸ್‌ವರೆಗಿನ ವಲಯದಲ್ಲಿದೆ. ಕಳೆದುಹೋಗಿರುವುದು ವಾದ್ಯವೃಂದ. ಕೊನೆಯ ಹಾಡಾದ ‘ಸಂಜೆಗೆಂಪಿನಲ್ಲಿ’ ಬರುವ ಬಾನಾಡಿಗಳ ಕೂಗು ಕೊಳಲಿನ ಜಾತಿಯ ವಾದ್ಯಗಳ ಅತಿ ಮೇಲಿನ ಸ್ವರಗಳಲ್ಲಿದೆ, ಸದ್ದು ಕಳೆಯುವ ಸಂಸ್ಕರಣೆ ಮೊದಲು ತಿನ್ನುವುದು ಅದನ್ನೇ. ‘ಇದೇ ಏನು ಮರಣ?’ ಎಂದು ಹಾಡು ಕೇಳಿದ ಮೇಲೆ ಸ್ಟ್ರಾಸ್ ತಮ್ಮ ಯೌವನದ ‘ಮರಣ ಮತ್ತು ರೂಪಾಂತರ’ ಕೃತಿಯ ಒಂದು ಎಳೆಯನ್ನು ಮೆಲ್ಲಗೆ ತರುತ್ತಾರೆ. ಮೊದಲೇ ಗೊತ್ತಿಲ್ಲದವರಿಗೆ ಈ ರೆಕಾರ್ಡಿನಲ್ಲಿ ಅದು ದಕ್ಕುವುದು ಕಷ್ಟ.

ಹಾಗಾಗಿ ಈ ಹಾಡುಗಳ ಪರಿಚಯ ಇದರಿಂದ ಮಾಡಿಕೊಳ್ಳಬೇಡಿ. ಮೊದಲು ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಅವರು ಜಾರ್ಜ್ ಸೆಲ್ ಜೊತೆ 1965ರಲ್ಲಿ ಹಾಡಿದ್ದನ್ನೋ, ಜೆಸ್ಸಿ ನಾರ್ಮನ್ ಅವರು ಕುರ್ಟ್ ಮಸೂರ್ ಜೊತೆ ಹಾಡಿದ್ದನ್ನೋ ಸಾಹಿತ್ಯ ಎದುರಿಗಿಟ್ಟುಕೊಂಡು ಕೇಳಿ. ಆಮೇಲೆ 1950ಕ್ಕೆ ಬನ್ನಿ. ಬರುವಾಗ ಒಂದು ವಿಷಯ ಗಮನದಲ್ಲಿರಲಿ, ಅಂದು ಹಾಡಿದ ಕ್ರಮ ಮುದ್ರಿತ ಕ್ರಮವಲ್ಲ. ‘ಮಲಗುವ ಹೊತ್ತು’ ಮೊದಲು, ನಂತರ ‘ಸೆಪ್ಟೆಂಬರ್’, ಮೂರನೆಯದು ‘ವಸಂತ’, ಕೊನೆಗೆ ‘ಸಂಜೆಗೆಂಪಿನಲ್ಲಿ’. ಪುಸ್ತಕದಲ್ಲಿ ‘ವಸಂತ’ ಮೊದಲಿಗೆ ಇರುತ್ತದೆ, ಅದನ್ನು ಹಿಡಿದು ಕೂತರೆ ಸಾಹಿತ್ಯ ತಪ್ಪುತ್ತದೆ. ಎರಡು ಸಂಸ್ಕರಣೆಗಳಲ್ಲಿ ಯಾವುದು ಎಂಬುದಕ್ಕೆ ಅಂತರ್ಜಾಲದ ಮಾದರಿ ತುಣುಕುಗಳನ್ನು ನಿಮ್ಮದೇ ಸ್ಪೀಕರಿನಲ್ಲಿ ಕೇಳಿ ತೀರ್ಮಾನಿಸಿ. ಹಿನ್ನೆಲೆಯ ಸದ್ದಿನ ನಡುವೆ ಸಂಗೀತ ಕೇಳಿ ಅಭ್ಯಾಸ ಇದ್ದವರಿಗೆ ಮೊದಲಿನದು (ಟೆಸ್ಟಮೆಂಟ್) ಒಗ್ಗುತ್ತದೆ, ಇಲ್ಲದವರಿಗೆ ಎರಡನೆಯದು (ಪ್ರಿಸ್ಟೀನ್).

ಮನೆಯಲ್ಲಿ ಕೇಳುವ ವಿಧಾನದಲ್ಲಿ ಆಗುವ ತಪ್ಪುಗಳೇ ಇಂಥ ರೆಕಾರ್ಡುಗಳಿಗೆ ಅರ್ಧ ಕೆಟ್ಟ ಹೆಸರು ತಂದಿವೆ. ಫೋನಿನಲ್ಲಿರುವ ಸರೌಂಡ್, ಬಾಸ್ ಬೂಸ್ಟ್‌ಗಳನ್ನು ಪೂರ್ತಿ ಆಫ್ ಮಾಡಿ. ಮೊನೊ ರೆಕಾರ್ಡಿಗೆ ಕೃತಕ ಅಗಲ ಕೊಟ್ಟರೆ ಸದ್ದು ಎರಡೂ ಬದಿಗೆ ಹರಡಿ ಪಿಯಾನೊ ಗುಹೆಯೊಳಗೆ ಹೋಗುತ್ತದೆ. ಕಡಿಮೆ ಬಿಟ್‌ರೇಟಿನ ಎಂಪಿ3 ಬೇಡ. ಸಂಕುಚನ ಮಾಡುವ ತಂತ್ರಾಂಶಕ್ಕೆ ತಟ್ಟೆಯ ಸರಸರ ಸದ್ದೇ ದೊಡ್ಡ ಹೊರೆ, ಅದಕ್ಕೆ ಬಿಟ್‌ಗಳು ಖರ್ಚಾಗಿ ಸಂಗೀತ ನೀರಿನೊಳಗಿಂದ ಬಂದಂತೆ ಕೇಳುತ್ತದೆ. ಧ್ವನಿಯ ಏನನ್ನೂ ಕಳೆಯದ ಫ್ಲ್ಯಾಕ್ ಕಡತ ಸಿಕ್ಕರೆ ಅದೇ ಸರಿ, ಇಲ್ಲದಿದ್ದರೆ ಎಂಪಿ3ಯಲ್ಲಿ 256 ಕೆಬಿಪಿಎಸ್‌ಗೆ ಕಡಿಮೆ ಬೇಡ. ಸದ್ದು ಕಿರಿಕಿರಿ ಅನಿಸಿದರೆ 6,000 ಹರ್ಟ್ಸ್‌ನಿಂದ ಮೇಲೆ ಮೂರು ಡೆಸಿಬಲ್ ತಗ್ಗಿಸಿ ಸಾಕು. 4,000ದಲ್ಲೇ ಕತ್ತರಿಸಿದರೆ ಪಿಯಾನೊ ಸುತ್ತಿಗೆಯ ಹೊಡೆತವೂ ಹೋಗುತ್ತದೆ. ಹೆಡ್‌ಫೋನಿಗಿಂತ ಆರೇಳು ಅಡಿ ದೂರದಲ್ಲಿಟ್ಟ ಸ್ಪೀಕರ್ ಒಳ್ಳೆಯದು, ಸದ್ದು ಕೋಣೆಯಲ್ಲಿ ಕರಗುತ್ತದೆ. ರಸ್ತೆ ಪಕ್ಕದ ಮನೆಯವರು ರಾತ್ರಿ ಹತ್ತರ ನಂತರ ಕೇಳಿ. ಈ ರೆಕಾರ್ಡುಗಳ ಮೆಲುದನಿಯ ಭಾಗಗಳು ವಾಹನಗಳ ಗದ್ದಲದ ಮುಂದೆ ನಿಲ್ಲುವುದಿಲ್ಲ.

ಚಿಕ್ಕಪೇಟೆ ಕಡೆಯ ಭಾನುವಾರದ ಬಜಾರಿನಲ್ಲಿ ಹಳೆಯ ಪ್ಲೇಟು ಹುಡುಕುವ ಹವ್ಯಾಸ ಇರುವವರಿಗೆ ಕೆಲವು ಮಾತು. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಗೀರುಗಳು ಕಪ್ಪಗೆ ಹೊಳೆದರೆ ಸರಿ, ಬೂದು ಬಣ್ಣಕ್ಕೆ ತಿರುಗಿದ್ದರೆ ಉಕ್ಕಿನ ಮುಳ್ಳು ತಿಂದುಹಾಕಿದೆ ಎಂದರ್ಥ. ಸ್ಪಿರಿಟ್‌ನಿಂದ ಒರೆಸಲೇಬೇಡಿ, ಅರಗು ಕರಗುತ್ತದೆ. ಭಟ್ಟಿ ಇಳಿಸಿದ ನೀರಿಗೆ ಎರಡು ಹನಿ ಸೌಮ್ಯ ಸೋಪಿನ ದ್ರವ, ಮೆತ್ತನೆಯ ಬ್ರಷ್, ಲೇಬಲ್ ಒದ್ದೆಯಾಗದಂತೆ ಎಚ್ಚರ, ಇಷ್ಟೇ. ಎಲ್‌ಪಿಯ ಸೂಜಿಯಲ್ಲಿ ನುಡಿಸಿದರೆ ಅದು ಗೀರಿನ ತಳಕ್ಕಿಳಿದು ಕಸ ಕೆರೆಯುತ್ತದೆ. ಎಲ್‌ಪಿಗೆ 0.7 ಮಿಲ್ ಸೂಜಿ (ಒಂದು ಮಿಲ್ ಅಂದರೆ ಇಂಚಿನ ಸಾವಿರದ ಒಂದು ಪಾಲು). ಇವಕ್ಕೆ ಸುಮಾರು 3 ಮಿಲ್ ಸೂಜಿ ಬೇಕು. ಆಂಪ್ಲಿಫೈಯರಿನ ಫೋನೊ ಜಾಗಕ್ಕೆ ನೇರ ಜೋಡಿಸಿದರೆ ಎಲ್‌ಪಿಗೆಂದು ಇರುವ ತಿದ್ದುಪಡಿ ಈ ತಟ್ಟೆಗಳಿಗೆ ಹೊಂದದೆ ಮೇಲಿನ ಸ್ವರಗಳು ಸತ್ತು ಕೆಳಗಿನವು ಉಬ್ಬುತ್ತವೆ. ವೇಗದ ಪರೀಕ್ಷೆಗೆ 77 ಗೆರೆಗಳ ಸ್ಟ್ರೋಬ್ ಹಾಳೆ ಬಳಸಿ. ನಮ್ಮ 50 ಹರ್ಟ್ಸ್ ವಿದ್ಯುತ್ತಿನ ದೀಪದಡಿ ಗೆರೆಗಳು ನಿಂತಂತೆ ಕಂಡರೆ ವೇಗ ನಿಮಿಷಕ್ಕೆ 77.92 ಸುತ್ತು, ಅದೇ ಬ್ರಿಟಿಷ್ ಹೆಚ್‌ಎಂವಿಯ ವೇಗ. ಒಳ್ಳೆಯ ಎಲ್‌ಇಡಿ ಬಲ್ಬು ಮಿಣುಕುವುದಿಲ್ಲ, ಅದರಡಿ ಗೆರೆ ನಿಲ್ಲುವುದಿಲ್ಲ. ಹಳೆಯ ನಿಯಾನ್ ದೀಪ ಬೇಕು.

ಈ ಆಲ್ಬಮ್‌ಗಳನ್ನು ಕೇಳುವಾಗ ಮೈಸೂರು ಆಸ್ಥಾನದ ನಮ್ಮ ವಿದ್ವಾಂಸರ ನೆನಪು ಬಾರದೆ ಇರದು. ನಾಲ್ವಡಿಯವರ ಅಪೇಕ್ಷೆಯಂತೆ ಮುತ್ತಯ್ಯ ಭಾಗವತರು ಚಾಮುಂಡೇಶ್ವರಿಯ ಮೇಲೆ 108 ಕೃತಿ ರಚಿಸಿದರು. ವಾಸುದೇವಾಚಾರ್ಯರು 1961ರವರೆಗೆ ಬದುಕಿದ್ದರು. ಆಸ್ಥಾನ ಅವರಿಗೆ ಸಂಬಳ ಕೊಟ್ಟಿತು, ಮರ್ಯಾದೆ ಕೊಟ್ಟಿತು, ಶಿಷ್ಯರ ಬಾಯಲ್ಲಿ ಕೃತಿಗಳೂ ಉಳಿದವು. ಮೆಟ್ನರ್‌ಗೆ ಆದಂತೆ ರಚನಕಾರರ ಕಂಠದಲ್ಲೇ, ಒಂದರ ಹಿಂದೆ ಒಂದರಂತೆ, ಪೆಟ್ಟಿಗೆ ತುಂಬ ತಟ್ಟೆಗಳಾಗಿ ಅವರ ಕೃತಿಗಳೂ ಬಂದಿದ್ದರೆ ಇವತ್ತಿನ ಪಾಠಾಂತರದ ಜಗಳಗಳಲ್ಲಿ ಎಷ್ಟೋ ತೀರುತ್ತಿದ್ದವು.

ಇದೇ ಪೋಷಣೆಯಿಂದ ಬಂದ ಇನ್ನೆರಡು ರೆಕಾರ್ಡುಗಳನ್ನು ಹೇಳಬೇಕು. ಲೆಗ್ 1945ರಲ್ಲಿ ಕಟ್ಟಿದ ಫಿಲ್‌ಹಾರ್ಮೊನಿಯಾ ನೆಲೆಯೂರಲು ಒಡೆಯರು ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ನೆರವು ಒಪ್ಪಿದರು, ಜೊತೆಗೆ ತಮಗೆ ಬೇಕಾದ ಅಪರೂಪದ ಕೃತಿಗಳನ್ನೂ ಸೂಚಿಸಿದರು. ಹಾಗೆ 1949ರಲ್ಲಿ ಕರಾಯನ್ ನಿರ್ದೇಶನದಲ್ಲಿ ಬಲಕಿರೆಫ್‌ನ ಮೊದಲ ಸಿಂಫನಿ, ರೂಸೆಲ್‌ನ ನಾಲ್ಕನೇ ಸಿಂಫನಿ ರೆಕಾರ್ಡ್ ಆದವು. ಬಲಕಿರೆಫ್ ಉದ್ದದ ಕೃತಿ, ಮೊದಲ ಸಲಕ್ಕೆ ತಾಳ್ಮೆ ಬೇಡುತ್ತದೆ. ರೂಸೆಲ್ ಚಿಕ್ಕದು, ಚುರುಕಾದದ್ದು, ಸ್ಟುಡಿಯೋ ಧ್ವನಿಯಾದ್ದರಿಂದ ಸ್ಪಷ್ಟವೂ ಹೌದು. ಒಂದನ್ನೇ ಆರಿಸುವುದಾದರೆ ರೂಸೆಲ್ ಆರಿಸಿ, ಅದರ ವೇಗದ ಮೂರನೇ ಭಾಗದಿಂದ ಶುರು ಮಾಡಿ.